ಮಾವನ ಮೀನಿನ ತೊಟ್ಟಿ ಮತ್ತು ಕೆಂಪು ಬಣ್ಣ

ತುಮಕೂರು ಜಿಲ್ಲೆಯ ನಮ್ಮೂರಿನಿಂದ ಸಮುದ್ರ ನೋಡಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ಆದರೆ ನಮ್ಮ ಸೋದರಮಾವನ ಮನೆಯ ಪಡಸಾಲೆಯಲ್ಲೇ ಒಂದು ತುಂಡು ಸಮುದ್ರ ಇದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಗಾಜಿನ ತೊಟ್ಟಿ. ಹತ್ತಿರ ಹತ್ತಿರ 190 ಲೀಟರ್ ಉಪ್ಪುನೀರು. ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಎರಡು ಕ್ಲೌನ್ ಮೀನು (ಮಕ್ಕಳು ‘ನೀಮೋ’ ಅಂತಾವಲ್ಲ, ಅದೇ), ಒಂದು ನೀಲಿ ಡ್ಯಾಮ್ಸೆಲ್, ದಿನವಿಡೀ ಮರಳು ಬಾಯಿಗೆ ಹಾಕಿ ಉಗುಳುವ ಒಂದು ಗೋಬಿ, ನಾಲ್ಕಾರು ಬಸವನಹುಳು, ಒಂದು ಕೆಂಪು ಸೀಗಡಿ.

ಮಾವ ಬೆಂಗಳೂರಿನ ಒಂದು ಮೀನಿನ ಅಂಗಡಿಯಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿದವರು. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದರು, ಮತ್ತೆ ಹೋಗಲಿಲ್ಲ. ಹೊಲ, ಎರಡು ಹಸು, ಜೊತೆಗೆ ಈ ತೊಟ್ಟಿ. ‘ಕುಡಿಯೋಕೆ ನೀರಿಲ್ಲದ ಊರಲ್ಲಿ ಇವನಿಗೆ ಸಮುದ್ರ ಬೇಕಂತೆ’ ಎಂದು ಮೊದಮೊದಲು ಎಲ್ಲರೂ ನಕ್ಕರು. ಈಗ ಮದುವೆಗೆ ಬಂದ ನೆಂಟರನ್ನೂ ಕರೆದುಕೊಂಡು ಬಂದು ತೋರಿಸುತ್ತಾರೆ.

ಉಪ್ಪುನೀರಿನ ಮೀನು ಸಾಕುವುದು ದುಡ್ಡಿನ ಹವ್ಯಾಸ, ಎಲ್ಲರೂ ಸಾಕಿ ಎಂದು ನಾನು ಹೇಳುವುದಿಲ್ಲ. ಆದರೆ ಆ ತೊಟ್ಟಿಯ ಮುಂದೆ ಕೂತು ನೈಟ್ರೇಟ್ ಅನ್ನುವ ವಸ್ತುವಿನ ಲೆಕ್ಕ ಕಲಿತೆ. ಆ ಲೆಕ್ಕ ತೊಟ್ಟಿಯಿಂದ ಹೊರಟು ನಮ್ಮೂರ ನಲ್ಲಿಯವರೆಗೂ ಹೋಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನೈಟ್ರೇಟ್ ಎಂದರೆ ನಮಗೆ ಹೊಸದೇನಲ್ಲ. ಯೂರಿಯಾ ಚೀಲದ ಮೇಲೆ 46 ಪರ್ಸೆಂಟ್ ಸಾರಜನಕ ಎಂದು ಬರೆದಿರುತ್ತದೆ. ಹೊಲಕ್ಕೆ ಎರಚಿದ ಮೇಲೆ ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯಾ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತವೆ. ರಾಗಿ, ಜೋಳ ಹೆಚ್ಚಾಗಿ ಹೀರಿಕೊಳ್ಳುವುದು ಆ ನೈಟ್ರೇಟನ್ನೇ. ಮೀನಿನ ತೊಟ್ಟಿಯಲ್ಲೂ ನಡೆಯುವುದು ಅದೇ ಕೆಲಸ. ಅಲ್ಲಿ ಯೂರಿಯಾದ ಜಾಗದಲ್ಲಿ ಮೀನಿನ ಆಹಾರ. ತಿಂದ ಮೀನು ಕಿವಿರಿನಿಂದ ಅಮೋನಿಯಾ ಬಿಡುತ್ತದೆ, ತಿನ್ನದೆ ಉಳಿದ ಚೂರು ಕೊಳೆತು ಅದೂ ಅಮೋನಿಯಾ ಆಗುತ್ತದೆ. ಅಮೋನಿಯಾ ಮೀನಿಗೆ ವಿಷ. ಕಲ್ಲು, ಮರಳು, ಸ್ಪಾಂಜಿಗೆ ಅಂಟಿಕೊಂಡ ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಜಾತಿ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾ ಬೆಳೆದು ನಿಲ್ಲೋದಕ್ಕೆ ನಾಲ್ಕರಿಂದ ಆರು ವಾರ ಬೇಕು. 2022ರಲ್ಲಿ ಮಾವ ಅಷ್ಟು ದಿನ ಬರೀ ನೀರು, ಕಲ್ಲು ಇಟ್ಟುಕೊಂಡು ಕೂತಿದ್ದರು. ‘ಮೀನೇ ಇಲ್ಲದ ಮೀನಿನ ತೊಟ್ಟಿ’ ಎಂದು ಅತ್ತೆ ಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು.

ಈ ಸರಪಳಿಯ ಕೊನೆಗೆ ಬರುವ ನೈಟ್ರೇಟ್ ಅಮೋನಿಯಾದಷ್ಟು ಕೆಟ್ಟದ್ದಲ್ಲ. ಆದರೆ ತಾನಾಗಿ ಹೋಗುವುದಿಲ್ಲ. ನೀರು ಆವಿಯಾದರೂ ಅದು ತೊಟ್ಟಿಯಲ್ಲೇ ಉಳಿಯುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ. ಹವಳದ ದಿಬ್ಬಗಳಿರುವ ಕಡಲಿನ ನೀರಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ಕೂಡ ಇರುವುದಿಲ್ಲ. ಮನೆಯ ತೊಟ್ಟಿಯಲ್ಲಿ 20, 30 ಇದ್ದರೂ ಮೀನು ತಡೆಯುತ್ತವೆ, ಸೀಗಡಿ ಬಸವನಹುಳು ಅಷ್ಟು ತಡೆಯುವುದಿಲ್ಲ. ಹವಳ ಸಾಕುವವರು ಇನ್ನೂ ಕಡಿಮೆ ಇಟ್ಟುಕೊಳ್ಳಬೇಕು. ಮಾವ ಹವಳ ಇಟ್ಟಿಲ್ಲ. ನಮ್ಮ ಕಡಲಿಂದ ಹವಳವನ್ನಾಗಲಿ, ಕಡಲಕುದುರೆಯನ್ನಾಗಲಿ ತೆಗೆಯುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಪರಾಧ. ಯಾರಾದರೂ ‘ಜೀವಂತ ಕಲ್ಲು’ ಎಂದು ಮಾರೋಕೆ ಬಂದರೆ ಅದು ಎಲ್ಲಿಂದ ಬಂತು ಎಂದು ಕೇಳಿ.

ಕಾಣದ್ದನ್ನು ಅಳೆಯುವುದು ಹೇಗೆ? ಅದಕ್ಕೊಂದು ಕಿಟ್ ಇದೆ. ಒಂದು ಗಾಜಿನ ನಳಿಕೆ, ಎರಡು ಪುಟ್ಟ ಸೀಸೆ, ಒಂದು ಬಣ್ಣದ ಚೀಟಿ. 5 ಮಿಲಿ ನೀರಿಗೆ ಮೊದಲ ಸೀಸೆಯ ಹನಿ, ಆಮೇಲೆ ಎರಡನೇ ಸೀಸೆಯ ಹನಿ. ಎರಡನೇ ಸೀಸೆಯನ್ನು ಅರ್ಧ ನಿಮಿಷ ಜೋರಾಗಿ ಕುಲುಕಬೇಕು, ತಳದಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಕುಲುಕದಿದ್ದರೆ ಸೊನ್ನೆ ಎಂದು ಸುಳ್ಳು ತೋರಿಸುತ್ತದೆ. ಐದು ನಿಮಿಷ ಬಿಟ್ಟು ನೋಡಿದರೆ ಹಳದಿ ಎಂದರೆ ಇಲ್ಲ, ಕಿತ್ತಳೆ ಎಂದರೆ 10, 20, ಕೆಂಪು ಎಂದರೆ 40, 80. ಕೆಂಪಾದ ಮೇಲೆ 80 ಯಾವುದು 160 ಯಾವುದು ಎಂದು ನನ್ನ ಕಣ್ಣಿಗಂತೂ ಗೊತ್ತಾಗುವುದಿಲ್ಲ. ಅದಕ್ಕೆ ಮಾವನ ಉಪಾಯ: ಅರ್ಧ ತೊಟ್ಟಿಯ ನೀರಿಗೆ ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿ ಅಳೆದು, ಬಂದದ್ದನ್ನು ಎರಡರಿಂದ ಗುಣಿಸುವುದು. ಇನ್ನೊಂದು ಮಾತು. ಕೆಲವು ಕಿಟ್ ನೈಟ್ರೇಟಿನಲ್ಲಿರುವ ಸಾರಜನಕವನ್ನು ಮಾತ್ರ ತೋರಿಸುತ್ತವೆ. ಅದರ 10, ಈ ಲೆಕ್ಕದಲ್ಲಿ ಸುಮಾರು 44. ಡಬ್ಬದ ಮೇಲೆ ಓದಿಕೊಳ್ಳಬೇಕು.

ಮಾವನ ನೋಟ್‌ಬುಕ್ಕಿನಲ್ಲಿ ಪ್ರತಿ ಭಾನುವಾರದ ಅಂಕಿ ಇದೆ, ಹಾಲಿನ ಡೈರಿಯ ಲೆಕ್ಕದ ಥರ. ಮೊದಲೆರಡು ವರ್ಷ 10, 20, 20, 10, 20. ಹೋದ ವರ್ಷ ಬೇಸಿಗೆ ಕಳೆದ ಮೇಲೆ 40. ಆಮೇಲೆ 80. ಗಾಜಿನ ಮೇಲೆ ಕಂದು ಪಾಚಿ ದಪ್ಪಗೆ ಕಟ್ಟಿತು. ಹಳೆಯ ಸೀಗಡಿ ಒಂದು ದಿನ ಪೊರೆ ಬಿಡುವಾಗಲೇ ಸತ್ತಿತು. ಅದಕ್ಕೆ ನೈಟ್ರೇಟೇ ಕಾರಣ ಎಂದು ಹೇಳಲಾಗದು, ಸೀಗಡಿಗಳು ಪೊರೆ ಬಿಡುವಾಗ ಬೇರೆ ಕಾರಣಕ್ಕೂ ಸಾಯುತ್ತವೆ. ಮಾವನಿಗೆ ಮಾತ್ರ ಊಟ ಸೇರಲಿಲ್ಲ.

ಆಹಾರ ಕಮ್ಮಿ ಮಾಡಿದರು. ಸ್ಪಾಂಜ್ ವಾರಕ್ಕೆರಡು ಸಲ ತೊಳೆದರು. ಪ್ರತಿ ಭಾನುವಾರ ಐದರಲ್ಲಿ ಒಂದು ಭಾಗ ನೀರು ತೆಗೆದು ಹೊಸ ನೀರು ಹಾಕಿದರು. ಊರ ಫಿಲ್ಟರ್ ಘಟಕದಿಂದ ಎರಡು ಕ್ಯಾನ್ ನೀರು, ಐದೈದು ರೂಪಾಯಿಯ ಎರಡು ನಾಣ್ಯ. ಆ 40 ಲೀಟರಿಗೆ ಲೀಟರಿಗೆ 35 ಗ್ರಾಮಿನಂತೆ 1 ಕೆಜಿ 400 ಗ್ರಾಂ ಸಮುದ್ರದ ಉಪ್ಪು. ಇದು ಅಡುಗೆ ಉಪ್ಪಲ್ಲ. ಮೆಗ್ನೀಸಿಯಂ, ಕ್ಯಾಲ್ಸಿಯಂ ಎಲ್ಲ ಸೇರಿಸಿ ಮಾಡಿದ, ಬೆಂಗಳೂರಿಂದ ತರಿಸುವ ಉಪ್ಪು. ಖರ್ಚಿನಲ್ಲಿ ದೊಡ್ಡ ಪಾಲು ಇದರದ್ದೇ. ತೆಗೆದ ಉಪ್ಪುನೀರು ಚೆಲ್ಲುವುದೂ ಒಂದು ತಾಪತ್ರಯ. ಸಿಹಿನೀರಿನ ಮೀನಿನ ತೊಟ್ಟಿಯ ನೀರಾದರೆ ಗಿಡಕ್ಕೆ ಹಾಕಬಹುದು, ಒಳ್ಳೆ ಗೊಬ್ಬರ. ಇದನ್ನು ಹಾಕಿದರೆ ಗಿಡ ಸುಟ್ಟುಹೋಗುತ್ತದೆ. ಮಾವ ಬಕೆಟ್ ಹೊತ್ತುಕೊಂಡು ಊರ ಹೊರಗಿನ ಕಲ್ಲುಗುಂಡಿಯವರೆಗೆ ಹೋಗಿ ಸುರಿದು ಬರುತ್ತಾರೆ.

ಇಷ್ಟೆಲ್ಲ ಮಾಡಿದರೂ ಭಾನುವಾರ ಬಂದರೆ 80.

ನಾನು ತಾಲ್ಲೂಕು ಕೇಂದ್ರದಲ್ಲಿ ಕೆಲಸ ಮಾಡುವವಳು, ವಾರಕ್ಕೊಮ್ಮೆ ಊರಿಗೆ ಹೋಗುತ್ತೇನೆ. ಅವತ್ತು ಮಾವ ನೋಟ್‌ಬುಕ್ ನನ್ನ ಮುಂದಿಟ್ಟರು. ‘ನೀನು ಪೇಪರಿನವಳಲ್ವೇನವ್ವ, ಲೆಕ್ಕ ಹಾಕು. ತೆಗೀತಾ ಇದೀನಿ, ಯಾಕೆ ಕಮ್ಮಿ ಆಗ್ತಿಲ್ಲ?’

ಇಬ್ಬರೂ ಕೂತು ಹಾಕಿದ ಲೆಕ್ಕ ಇದು. ಸ್ವಲ್ಪ ನಿಧಾನಕ್ಕೆ ಓದಿ, ಕಷ್ಟವೇನಿಲ್ಲ.

ಮೀನಿನ ಒಣ ಆಹಾರದಲ್ಲಿ ಸುಮಾರು 45 ಪರ್ಸೆಂಟ್ ಪ್ರೊಟೀನ್. ಪ್ರೊಟೀನಿನಲ್ಲಿ 16 ಪರ್ಸೆಂಟ್ ಸಾರಜನಕ. ಒಂದು ಗ್ರಾಂ ಆಹಾರದ ಸಾರಜನಕವೆಲ್ಲ ನೈಟ್ರೇಟ್ ಆದರೆ ಈ 190 ಲೀಟರಿನಲ್ಲಿ ಲೀಟರಿಗೆ ಒಂದು ಮುಕ್ಕಾಲು ಮಿಲಿಗ್ರಾಮಿನಷ್ಟು ಏರುತ್ತದೆ. ಮಾವ ವಾರಕ್ಕೆ ಹಾಕುವುದು ಮೂರು ಗ್ರಾಂ. ಅಂದರೆ ವಾರಕ್ಕೆ 5. ಮೊದಲ ವರ್ಷದ ನೋಟ್‌ಬುಕ್ಕಿನಲ್ಲಿ ಏರಿಕೆ ಇದ್ದದ್ದೂ ಅಷ್ಟೇ.

ಈಗ ತೊಟ್ಟಿಯಲ್ಲಿ 80 ಇದೆ ಎನ್ನಿ. ಐದನೇ ಒಂದು ಭಾಗ ತೆಗೆದು ನೈಟ್ರೇಟ್ ಇಲ್ಲದ ನೀರು ಹಾಕಿದರೆ 64 ಆಗಬೇಕು. ವಾರದ ಆಹಾರ ಸೇರಿ 69. ಮುಂದಿನ ಭಾನುವಾರ ಮತ್ತೆ ತೆಗೆದರೆ 55. ಹೀಗೆ ಇಳಿಯುತ್ತ ಬಂದು 25ಕ್ಕೆ ನಿಲ್ಲಬೇಕು. ಯಾಕೆಂದರೆ 25ರಲ್ಲಿ ಐದನೇ ಒಂದು ಭಾಗ 5, ವಾರಕ್ಕೆ ಸೇರುವುದೂ 5. ತೆಗೆಯುವುದಕ್ಕೂ ಸೇರುವುದಕ್ಕೂ ಸರಿ ಹೋಯಿತು. ಇದೇ ಲೆಕ್ಕದಲ್ಲಿ ಹತ್ತನೇ ಒಂದು ಭಾಗ ಮಾತ್ರ ಬದಲಾಯಿಸುವವರ ತೊಟ್ಟಿ 50ಕ್ಕೆ ನಿಲ್ಲುತ್ತದೆ. ಅವರು ಎಷ್ಟು ವರ್ಷ ಬದಲಾಯಿಸಿದರೂ ಅಷ್ಟೇ.

ಮಾವನದು 25ಕ್ಕೆ ನಿಲ್ಲಬೇಕಿತ್ತು, 80ಕ್ಕೆ ನಿಂತಿದೆ. ಹಾಗಾದರೆ ಬೇರೆ ಎಲ್ಲಿಂದಲೋ ಬರುತ್ತಿದೆ. ತೊಟ್ಟಿಗೆ ಹೋಗುವುದು ಮೂರೇ: ಆಹಾರ, ಉಪ್ಪು, ನೀರು. ಉಪ್ಪು ಅದೇ ಹಳೇ ಕಂಪನಿಯದು.

ಮಾವ ಏನೂ ಮಾತಾಡದೆ ಎದ್ದು ಹೋಗಿ ಕ್ಯಾನಿನಿಂದ 5 ಮಿಲಿ ಫಿಲ್ಟರ್ ನೀರು ತಂದರು. ಹನಿ ಹಾಕಿ, ಕುಲುಕಿ, ಕಿಟಕಿಯ ಕಟ್ಟೆಯ ಮೇಲೆ ಇಟ್ಟೆವು. ಐದು ನಿಮಿಷಕ್ಕೆ 40ರ ಕೆಂಪು.

ಲೆಕ್ಕ ಅಲ್ಲಿಗೆ ಕೂಡಿಬಂತು. 40 ಇರುವ ನೀರು ಹಾಕಿ 40ಕ್ಕಿಂತ ಕೆಳಗಿಳಿಸುವುದು ಸಾಧ್ಯವೇ ಇಲ್ಲ. ಜೊತೆಗೆ ಬೇಸಿಗೆಯಲ್ಲಿ ಫ್ಯಾನ್ ಹಾಕಿದ ತೊಟ್ಟಿಯಿಂದ ದಿನಕ್ಕೆ ಎರಡು ಲೀಟರ್ ಆವಿಯಾಗುತ್ತದೆ. ಉಪ್ಪು ಉಳಿಯುವುದರಿಂದ ಬರೀ ಸಿಹಿನೀರು ತುಂಬಬೇಕು. ಅದರಿಂದಲೇ ವಾರಕ್ಕೆ ಇನ್ನೂ 3. ಒಟ್ಟು 8. ಕೂಡಿಸಿ ಕಳೆದು ನೋಡಿದರೆ ತೊಟ್ಟಿ ನಿಲ್ಲುವುದು ಸರಿಯಾಗಿ 80ಕ್ಕೆ. ಬದಲಾಯಿಸಿದಾಗ 72, ಭಾನುವಾರಕ್ಕೆ ಮತ್ತೆ 80.

ಫಿಲ್ಟರ್ ಘಟಕ ಹೋದ ಬೇಸಿಗೆಯಲ್ಲಿ ಎರಡು ತಿಂಗಳು ಕೆಟ್ಟು ನಿಂತಿತ್ತು. ಆಮೇಲೆ ಮೋಟಾರ್ ರಿಪೇರಿ ಮಾಡಿ ಶುರು ಮಾಡಿದರು. ಒಳಗಿನ ಆರ್‌ಒ ಪೊರೆ ಹಳೆಯದೇ. ಹಳೆಯ ಪೊರೆ ನೈಟ್ರೇಟನ್ನು ಮಿಕ್ಕ ಉಪ್ಪುಗಳಿಗಿಂತ ಬೇಗ ಒಳಗೆ ಬಿಟ್ಟುಬಿಡುತ್ತದೆ. ನೀರು ಕುಡಿದರೆ ಸಿಹಿಯಾಗಿಯೇ ಇರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

‘ನಲ್ಲಿ ನೀರೂ ನೋಡಿಬಿಡೋಣ’ ಎಂದೆ. ನಮ್ಮೂರ ನಲ್ಲಿಗೆ ಬರುವುದು ಓವರ್‌ಹೆಡ್ ಟ್ಯಾಂಕಿನ ಬೋರ್‌ವೆಲ್ ನೀರು. ಅರ್ಧಕ್ಕರ್ಧ ಬೆರೆಸಿ ಅಳೆದೆವು. 40 ಬಂತು. ಅಂದರೆ 80.

ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡದಲ್ಲಿ ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬೇರೆ ನೀರು ಸಿಗದಿದ್ದರೆ ಸ್ವಲ್ಪ ಹೆಚ್ಚಿದ್ದರೂ ಪರವಾಗಿಲ್ಲ ಎನ್ನುವ ವಿನಾಯಿತಿ ಗಡಸುತನದಂಥ ಕೆಲವಕ್ಕೆ ಇದೆ, ನೈಟ್ರೇಟಿಗೆ ಇಲ್ಲ.

ಅತ್ತೆ ಒಳಗಿನಿಂದ ಬಂದರು, ಕೈಯಲ್ಲಿ ಮಗುವಿನ ಹಾಲಿನ ಬಾಟಲಿ. ಮಾವನ ಮಗಳು ಬಾಣಂತನಕ್ಕೆ ಬಂದಿದ್ದಳು, ಮಗುವಿಗೆ ಮೂರು ತಿಂಗಳು. ಎದೆಹಾಲು ಸಾಲದೆಂದು ಪುಡಿಹಾಲು ಶುರುಮಾಡಿದ್ದರು. ‘ನಲ್ಲಿ ನೀರೇ, ಆದ್ರೆ ಹತ್ತು ನಿಮಿಷ ಕುದಿಸ್ತೀನಿ’ ಎಂದರು ಅತ್ತೆ. ತಪ್ಪೇನಿಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ, ಕುದಿಸಿದರೆ ರೋಗಾಣು ಸಾಯುತ್ತವೆ. ಆದರೆ ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಇಂಗಿದಷ್ಟೂ ದಟ್ಟವಾಗುತ್ತದೆ.

ದೊಡ್ಡವರು ಹೇಗೋ ತಡೆದುಕೊಳ್ಳುತ್ತಾರೆ. ಆರು ತಿಂಗಳೊಳಗಿನ ಮಕ್ಕಳ ಹೊಟ್ಟೆಯಲ್ಲಿ ನೈಟ್ರೇಟ್ ನೈಟ್ರೈಟ್ ಆಗಿ ರಕ್ತಕ್ಕೆ ಸೇರಿದರೆ, ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ. ತುಟಿ, ಉಗುರು ನೀಲಿಗಟ್ಟುತ್ತವೆ. ನೀಲಿ ಮಗುವಿನ ರೋಗ ಎಂದೇ ಅದಕ್ಕೆ ಹೆಸರು. ಎಲ್ಲ ಮಕ್ಕಳಿಗೂ ಬರುತ್ತದೆ ಎಂದಲ್ಲ, ಹೊಟ್ಟೆ ಕೆಟ್ಟಿರುವಾಗ ಅಪಾಯ ಹೆಚ್ಚು. ಜೀವ ಹೋಗುವ ಮಟ್ಟಕ್ಕೂ ಹೋಗಬಲ್ಲದು.

ಮಾವ ಎರಡು ನಿಮಿಷ ಸುಮ್ಮನಿದ್ದರು. ಆಮೇಲೆ ಬಾಟಲಿ ಇಸಿದುಕೊಂಡು ಅಂಗಳಕ್ಕೆ ಚೆಲ್ಲಿದರು. ಅವತ್ತೇ ತಾಲ್ಲೂಕಿನಿಂದ ಕಂಪನಿಯ ಕ್ಯಾನ್ ನೀರು ತಂದೆವು. ಅದನ್ನೂ ಅಳೆದೆವು. ಹಳದಿ. ಮರುದಿನ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದರು. ಡಾಕ್ಟರು ತುಟಿ, ಉಗುರು ನೋಡಿ ಏನೂ ಆಗಿಲ್ಲ ಎಂದರು. ಎದೆಹಾಲಿನಿಂದ ಈ ತೊಂದರೆ ಬರುವುದು ಇಲ್ಲವೆನ್ನುವಷ್ಟು ಕಡಿಮೆ, ಆದಷ್ಟು ಅದನ್ನೇ ಕೊಡಿ ಎಂದೂ ಹೇಳಿ ಕಳಿಸಿದರು.

ಮೀನಿನ ಕಿಟ್ಟಿನ ಬಣ್ಣ ಹಿಡಿದುಕೊಂಡು ಪಂಚಾಯಿತಿಗೆ ಹೋದರೆ ಯಾರೂ ಕೇಳುವುದಿಲ್ಲ. ಅದು ಗೊತ್ತಿದ್ದೇ ಬಾಟಲಿಯಲ್ಲಿ ಮಾದರಿ ಹಿಡಿದು ಜಿಲ್ಲೆಯ ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಕೊಟ್ಟೆವು. ವರದಿ ಬಂತು: ನಲ್ಲಿ ನೀರು 71, ಫಿಲ್ಟರ್ ನೀರು 38. ಮಾವನ ಕಣ್ಣಳತೆ ಅಷ್ಟೇನೂ ತಪ್ಪಿರಲಿಲ್ಲ.

ಜಲ ಜೀವನ್ ಮಿಷನ್ ಪ್ರಕಾರ ಪ್ರತಿ ಊರಲ್ಲೂ ಐವರು ಮಹಿಳೆಯರಿಗೆ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು. ಪರೀಕ್ಷೆಗೊಂದು ಕಿಟ್ಟೂ ಇರುತ್ತದೆ. ನಮ್ಮೂರಿನ ಕಿಟ್ ಪಂಚಾಯಿತಿಯ ಬೀರುವಿನಲ್ಲಿ ಸೀಲು ಒಡೆಯದೆ ಕೂತಿತ್ತು. ಗ್ರಾಮಸಭೆಯಲ್ಲಿ ಅದನ್ನು ಕೇಳಿದವರು ಅತ್ತೆ. ಮೊಮ್ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡೇ ಕೇಳಿದರು. ಒಬ್ಬರು ‘ಇಷ್ಟು ವರ್ಷ ಇದೇ ನೀರು ಕುಡಿದು ನಾವು ಬದುಕಿಲ್ವಾ’ ಎಂದರು. ಆ ಮಾತಿಗೆ ಬಹಳ ಜನ ತಲೆಯಾಡಿಸಿದರು ಕೂಡ. ಪೊರೆ ಬದಲಾಯಿಸಲು ನಾಲ್ಕು ತಿಂಗಳು ಹಿಡಿಯಿತು. ನಲ್ಲಿ ನೀರು ಈಗಲೂ ಅದೇ ಬೋರ್‌ವೆಲ್‌ನದು.

ಆ ಬೋರ್‌ವೆಲ್ ಎಲ್ಲಿದೆ ಎಂದು ನೋಡಲು ಹೋದೆ. ಒಂದು ಕಡೆ ನಾಲ್ಕೈದು ಮನೆಯ ತಿಪ್ಪೆ, ಇನ್ನೊಂದು ಕಡೆ ಸಾಲಾಗಿ ಟಾಯ್ಲೆಟ್ ಗುಂಡಿಗಳು, ಆಚೆಗೆ ವರ್ಷಕ್ಕೆ ಎರಡು ಬೆಳೆ ತೆಗೆಯುವ ತೋಟ. ಮೂರರಲ್ಲಿ ಯಾವುದರ ಪಾಲು ಎಷ್ಟು ಎಂದು ಬೆರಳು ಮಾಡಿ ತೋರಿಸಲು ಬರುವುದಿಲ್ಲ. ಮೂರೂ ಮಾಡುವುದು ಮೀನು ಮಾಡುವ ಕೆಲಸವನ್ನೇ. ಬಯಲುಸೀಮೆಯ ಅಂತರ್ಜಲದಲ್ಲಿ ಎಷ್ಟೋ ಕಡೆ ನೈಟ್ರೇಟ್ ಮಿತಿ ಮೀರಿದೆ ಎಂದು ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳು ಹೇಳುತ್ತಲೇ ಬಂದಿವೆ. ಅಂಥ ವರದಿಗಳನ್ನು ಸುದ್ದಿಗಾಗಿ ಓದುತ್ತಿದ್ದವಳು ನಾನು. ನಮ್ಮತ್ತೆಯ ಕೈಯ ಬಾಟಲಿಯಲ್ಲಿ ಅದೇ ಅಂಕಿ ನೋಡುವುದು ಬೇರೆ.

ಇನ್ನು ತೊಟ್ಟಿಯ ಕಥೆ. ಈಗ ಮಾವ ಮಳೆಗಾಲದಲ್ಲಿ ತಾರಸಿಯ ಮಳೆನೀರು ಹಿಡಿಯುತ್ತಾರೆ. ಮೊದಲೆರಡು ಮಳೆ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಡ್ರಮ್ಮಿಗೆ. ತಗಡಿನ ಮಾಡಿನ ನೀರು ಬೇಡ ಎನ್ನುತ್ತಾರೆ, ಸತುವು ಕರಗಿದರೆ ಸೀಗಡಿಗೆ ಆಗುವುದಿಲ್ಲ. ಮಳೆನೀರು ಮುಗಿದ ಮೇಲೆ ಫಿಲ್ಟರ್ ನೀರನ್ನೇ ರೆಸಿನ್ ತುಂಬಿದ ಕೊಳವೆಯಲ್ಲಿ ಹಾಯಿಸುತ್ತಾರೆ. ಈಚೆಗೆ ಬಂದ ನೀರು ಅಳೆದರೆ ಸೊನ್ನೆ. ರೆಸಿನ್ ಸವೆದ ಮೇಲೆ ಹಿಡಿದಿಟ್ಟ ನೈಟ್ರೇಟನ್ನೇ ವಾಪಸ್ ಬಿಡಬಹುದು, ಅದಕ್ಕೆ ಅಲ್ಲೂ ವಾರಕ್ಕೊಮ್ಮೆ ಹನಿ ಪರೀಕ್ಷೆ.

ತೊಟ್ಟಿಯ ಹಿಂಬದಿಯ ಸಣ್ಣ ಅಂಕಣದಲ್ಲಿ ನೂಲಿನ ಉಂಡೆಯಂಥ ಹಸಿರು ಕಡಲಪಾಚಿ ಬಿಟ್ಟಿದ್ದಾರೆ, ರಾತ್ರಿ ಅದರ ಮೇಲೊಂದು ಎಲ್‌ಇಡಿ. ನೈಟ್ರೇಟ್ ತಿಂದು ಪಾಚಿ ಬೆಳೆಯುತ್ತದೆ. ಎರಡು ವಾರಕ್ಕೊಮ್ಮೆ ಅರ್ಧ ಕಿತ್ತರೆ ಅಷ್ಟು ನೈಟ್ರೇಟ್ ಹೊರಗೆ ಹೋದಂತೆ. ಕಿತ್ತದ್ದನ್ನು ಅತ್ತೆ ನಾಲ್ಕು ನೀರಲ್ಲಿ ತೊಳೆದು ಗೊಬ್ಬರದ ಗುಂಡಿಗೆ ಹಾಕುತ್ತಾರೆ.

ಮರಳನ್ನೂ ದಪ್ಪಗೆ ಹಾಸಿದ್ದಾರೆ. ಆಳದ ಮರಳಿಗೆ ಗಾಳಿ ಇಳಿಯುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ಉಸಿರಾಡಲು ನೈಟ್ರೇಟಿನೊಳಗಿನ ಆಮ್ಲಜನಕವನ್ನೇ ಕಿತ್ತುಕೊಂಡು, ಸಾರಜನಕವನ್ನು ಗಾಳಿಗೆ ಬಿಡುತ್ತವೆ. ನಮ್ಮ ಅರಬ್ಬಿ ಸಮುದ್ರದ ನಡುನೀರಿನಲ್ಲೂ ಆಮ್ಲಜನಕ ಬಹಳ ಕಡಿಮೆ ಇರುವ ದೊಡ್ಡ ಪದರವಿದೆ. ಅಲ್ಲಿ ನಡೆಯುವುದೂ ಇದೇ ಕೆಲಸ, ಜಗತ್ತಿನ ಕಡಲುಗಳಲ್ಲಿ ಇಂಥ ದೊಡ್ಡ ಜಾಗಗಳಲ್ಲಿ ಅದೂ ಒಂದು.

ಇನ್ನೊಂದು ಉಪಾಯ ಬೆಂಗಳೂರಿನ ಗೆಳೆಯರು ಹೇಳಿದ್ದು: ದಿನಾ ಸ್ವಲ್ಪ ವೋಡ್ಕಾ ಹಾಕುವುದು. ತಮಾಷೆಯಲ್ಲ, ನಿಜವಾಗಿ ಮಾಡುತ್ತಾರೆ. ಅದನ್ನು ತಿಂದು ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಹೆಚ್ಚುವಾಗ ನೈಟ್ರೇಟನ್ನೂ ಬಳಸಿಕೊಳ್ಳುತ್ತವೆ, ನೊರೆ ತೆಗೆಯುವ ಸ್ಕಿಮ್ಮರ್ ಅವುಗಳನ್ನು ಹೊರಗೆ ಹಾಕುತ್ತದೆ. ಅತಿಯಾದರೆ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವೆಲ್ಲ ಮುಗಿಸಿ ಮೀನು ಸಾಯುತ್ತವೆ. ‘ಮೀನಿನ ಹೆಸರಲ್ಲಿ ಬಾಟ್ಲಿ ಮನೆಗೆ ಬರೋದು ಬ್ಯಾಡ’ ಎಂದರು ಅತ್ತೆ. ಅದೇ ಕೆಲಸಕ್ಕೆ ಬಿಳಿ ವಿನೆಗರ್ ಆಗುತ್ತದೆ. ಮಾವ ಈಗ ದಿನಕ್ಕೆ ಕೆಲವೇ ಮಿಲಿ ಅದನ್ನು ಹಾಕುತ್ತಾರೆ.

ಈ ಭಾನುವಾರದ ಅಂಕಿ 20. ಹೊಸ ಸೀಗಡಿ ಎರಡು ಸಲ ಪೊರೆ ಬಿಟ್ಟಿದೆ. ಮಗು ಅಮ್ಮನ ಜೊತೆ ಅಪ್ಪನ ಊರಿಗೆ ಹೋಯಿತು. ಹೋಗುವ ಮೊದಲೇ ಅಲ್ಲಿನ ನೀರು ಒಂದು ಬಾಟಲಿ ತರಿಸಿ ಅಳೆದಿದ್ದರು, 10 ಇತ್ತು.

ಮಾವನ ಜಗಲಿಯ ಮೇಲೆ ಈಗ ಭಾನುವಾರ ಬೆಳಿಗ್ಗೆ ಸಣ್ಣ ಸಣ್ಣ ಬಾಟಲಿಗಳು ಬಂದು ಕೂರುತ್ತವೆ. ಒಂದರ ಮೇಲೆ ‘ತೋಟದ ಬೋರು’, ಇನ್ನೊಂದರ ಮೇಲೆ ‘ಶಾಲೆ’, ಮತ್ತೊಂದಕ್ಕೆ ಹೆಸರೇ ಇಲ್ಲ, ಬಳೆಚೂರು ಕಟ್ಟಿದ ದಾರ. ಸೀಸೆಯ ಹನಿ ಬೇಗ ಮುಗಿಯುತ್ತಿದೆ ಎಂದು ಮಾವ ಗೊಣಗುತ್ತಾರೆ, ಪಂಚಾಯಿತಿ ಕಿಟ್ಟಿನಲ್ಲಿ ಮಾಡಿಸಿ ಎಂದು ಬಯ್ಯುತ್ತಾರೆ. ಹೋದ ವಾರ ಏಳು ಬಾಟಲಿ ಇದ್ದವು. ನಾಲ್ಕು ಕಿತ್ತಳೆ, ಮೂರು ಕೆಂಪು. ಶಾಲೆಯದು ಕೆಂಪು. ಅದರ ಮಾದರಿ ನಾಳೆ ಪ್ರಯೋಗಾಲಯಕ್ಕೆ ಹೋಗುತ್ತದೆ.